ಕಿವಿಗೆ ದಕ್ಕಿದ ಕನ್ನಡ, ಕಣ್ಣಿಗೆ ದಕ್ಕಬೇಡವೆ?

ಕಳೆದ ರಾಜ್ಯೋತ್ಸವದಂದು ಡೊಂಬಿವಲಿ ಎಂಐಡಿಸಿಯ ನಮ್ಮ ನೆರೆಮನೆಯ ಹುಡುಗಿ ಶಿಶುನಾಳ ಷರೀಫರ ತತ್ವಪದವೊಂದನ್ನು ಸಿ. ಅಶ್ವಥ್ ಅವರ ಧಾಟಿಯಲ್ಲಿಯೇ ಹಾಡಿದಳು. ಕಂಠ ಇಂಪಾಗಿತ್ತು, ಚಪ್ಪಾಳೆಯೂ ಬಿತ್ತು. ಆಮೇಲೆ ಅವಳ ಕೈಯಲ್ಲಿದ್ದ ಚೀಟಿಯನ್ನು ನೋಡಿದೆ. ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಆ ಲಿಪಿಯ ರೂಢಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. ‘ಕೊಡು’, ‘ಕೋಡು’ ಎರಡೂ ಅಲ್ಲಿ ಒಂದೇ. ದಾನಕ್ಕೂ ಕೊಂಬಿಗೂ ಭೇದವುಳಿಯದು. ಮಗುವನ್ನು ದೂರಲಾರೆ. ಓದಲು ಕಲಿಸದವರು ನಾವು.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಅಗಲಿದ್ದು 2009ರಲ್ಲಿ, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ. ಬೆಂಗಳೂರಿನ ಐಟಿಐಯಲ್ಲಿ ದುಡಿಯುತ್ತಲೇ ಹಾಡನ್ನು ಉಳಿಸಿಕೊಂಡವರು ಅವರು. ಕಾರ್ಖಾನೆಗಳ ಮಗ್ಗುಲಲ್ಲಿ ಬಾಳುವ ನಮಗೆ ಆ ಬದುಕು ಅಪರಿಚಿತವಲ್ಲ. 1977ರ ‘ಕಾಕನಕೋಟೆ’, 1990ರ ‘ಸಂತ ಶಿಶುನಾಳ ಷರೀಫ’, 1992ರ ‘ಮೈಸೂರು ಮಲ್ಲಿಗೆ’ ಚಿತ್ರಗಳಿಗೆ ಸಂಗೀತವಿತ್ತರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿ, ಚಿಕ್ಕ ಸಭಾಂಗಣಗಳ ಭಾವಗೀತೆಯನ್ನು ಬಯಲಿನ ಜನಸಾಗರದ ಮುಂದಿಟ್ಟರು. ಅವರ ಹೆಗ್ಗಳಿಕೆ ಕವಿಗಳ ಸಾಲುಗಳನ್ನು ತಮ್ಮ ಒಡಲಿನವೆಂಬಂತೆ ಅನುಭವಿಸಿ ಹಾಡುವುದರಲ್ಲಿತ್ತು.

ಅವರ ಏರುದನಿ ಕವಿತೆಯ ನಯವನ್ನು ನುಂಗುತ್ತದೆಂದು ಆಕ್ಷೇಪಿಸುವವರುಂಟು. ಕವನ ಸಂಕಲನವನ್ನು ತೆರೆದು ಮೌನವಾಗಿ ಓದಬಲ್ಲವರಿಗೆ ಆ ಆಕ್ಷೇಪದ ಹಕ್ಕಿದೆ. ಹೊರನಾಡಿನ ನಮ್ಮ ಮಕ್ಕಳಿಗಾದರೋ ಷರೀಫರು, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ದಕ್ಕಿದ್ದು ಬಹುಮಟ್ಟಿಗೆ ಕಿವಿಯಿಂದ. ಅಶ್ವಥ್ ಅಷ್ಟು ಎದೆ ತೆರೆದು ಹಾಡದಿದ್ದರೆ ಅದೂ ದಕ್ಕುತ್ತಿರಲಿಲ್ಲ. ಈ ಋಣವನ್ನು ನಾವು ಒಪ್ಪಿಕೊಳ್ಳಬೇಕು.

ಆದರೆ ಋಣವನ್ನೇ ಆಸ್ತಿಯೆಂದು ಭ್ರಮಿಸಬಾರದು. ಪದದ ಅರ್ಥವೇನೆಂದು ಆ ಹುಡುಗಿಯನ್ನು ಕೇಳಿದಾಗ ಅವಳು ನಕ್ಕು ತಾಯಿಯತ್ತ ನೋಡಿದಳು. ತಾಯಿ ನನ್ನತ್ತ ನೋಡಿದರು. ಧಾಟಿ ಉಳಿದಿತ್ತು, ನುಡಿ ಜಾರಿತ್ತು. ಅರ್ಥವರಿತು ಹಾಡಿದವರ ಹಾಡನ್ನು ಅರ್ಥವರಿಯದೆ ಅನುಕರಿಸುವುದು ಅವರಿಗೆ ಸಲ್ಲಿಸುವ ಗೌರವವಾಗಲಾರದು.

ಆದುದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಗೀತಸ್ಪರ್ಧೆಯಲ್ಲಿ ಹಾಡುವ ಮುನ್ನ ಮಗು ಅದರ ಭಾವವನ್ನು ತನಗೆ ತಿಳಿದ ಮಾತಿನಲ್ಲಿ ಹೇಳಲಿ, ತಪ್ಪಿದರೂ ಚಿಂತೆಯಿಲ್ಲ. ಹಾಡನ್ನು ಕನ್ನಡ ಅಕ್ಷರಗಳಲ್ಲಿ ತಾನೇ ಬರೆದು ತರಲಿ. ಭಾನುವಾರದ ಒಂದು ಗಂಟೆ ಇದಕ್ಕೆ ಸಾಕು. ನೆರೆಮನೆಯ ಹುಡುಗಿಗೆ ಅಕ್ಷರ ಕಲಿಸುವ ಹೊಣೆಯನ್ನು ನಾನು ಹೊತ್ತಿದ್ದೇನೆ. ನಿಮ್ಮ ನೆರೆಯಲ್ಲಿಯೂ ಅಂಥ ಮಗುವೊಂದು ಇದ್ದೀತು.