ಸಂಪಾದಕರ ಮಾತು: ಚಿತ್ರಶಾಲೆಯ ಬೆಳ್ಳಿತೆರೆ

ಚಲಚ್ಚಿತ್ರವನ್ನು ವರ್ಣಚಿತ್ರ ಶಿಲ್ಪಗಳ ಪಂಕ್ತಿಯಲ್ಲಿ ಕೂರಿಸುವುದು ಉಚಿತವೆ ಎಂಬ ಶಂಕೆ ವಿದ್ವಾಂಸರಲ್ಲಿ ಇನ್ನೂ ಪ್ರಬಲವಾಗಿದ್ದ 1935ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಚಲಚ್ಚಿತ್ರ ಭಂಡಾರವೊಂದನ್ನು ತೆರೆದು, ಐರಿಸ್ ಬ್ಯಾರಿ ಎಂಬ ಆಂಗ್ಲ ವಿಮರ್ಶಕಿಯನ್ನು ಅದರ ಪಾಲಕಿಯಾಗಿ ನಿಯಮಿಸಿತು. ಓಟ ಮುಗಿದ ಚಿತ್ರದ ಸುರುಳಿಗೆ ಬೆಲೆಯೇ ಇಲ್ಲದಿದ್ದ ಆ ಕಾಲದಲ್ಲಿ ಆಕೆ ಹಾಲಿವುಡ್ಡಿಗೆ ಹೋಗಿ, ನಟರಲ್ಲಿಯೂ ನಿರ್ಮಾಪಕರಲ್ಲಿಯೂ ಹಳೆಯ ಪ್ರತಿಗಳನ್ನು ಯಾಚಿಸಿದರು. 1931ರಿಂದೀಚೆಗೆ ಒಂದು ಚಿತ್ರವನ್ನೂ ನಿರ್ದೇಶಿಸದೆ ಜನಸ್ಮೃತಿಯಿಂದ ಜಾರುತ್ತಿದ್ದ ಡಿ. ಡಬ್ಲ್ಯು. ಗ್ರಿಫಿತ್ತರ ಕೃತಿಗಳನ್ನು, ಅವರು ಬದುಕಿರುವಾಗಲೇ, 1940ರಲ್ಲಿ ಅನುಕ್ರಮವಾಗಿ ತೋರಿಸಿದರು. ಬಿಡಿಚಿತ್ರದಲ್ಲಿ ಕೇವಲ ಚಮತ್ಕಾರವೆಂದು ತೋರಿದುದು ಸಾಲಿನಲ್ಲಿ ಕಂಡಾಗ ಕರ್ತೃವಿನ ಸ್ವಭಾವವೆಂದು ತಿಳಿಯುವುದರಿಂದ, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂಬ ನಿರ್ಧಾರವೂ ಒಂದು ವಿಮರ್ಶೆಯೇ ಸರಿ. ಮೂಕಚಿತ್ರಗಳನ್ನು ಕಂಡು ನಗುವವರಿಗೆ, ಗದ್ದಲ ನಿಲ್ಲದಿದ್ದರೆ ಪ್ರದರ್ಶನವನ್ನೇ ನಿಲ್ಲಿಸುವುದಾಗಿ ತೆರೆಯ ಮೇಲೆ ಎಚ್ಚರಿಕೆ ಮೂಡಿಸುವಷ್ಟು ನಿಷ್ಠುರತೆಯೂ ಆಕೆಗಿದ್ದಿತು. ಆ ನಿಷ್ಠುರತೆ ನಮ್ಮ ಸಭಾಂಗಣಗಳಿಗೂ ಕೊಂಚ ಬಂದರೆ ಬೇಡವೆನ್ನೆವು.

ಇಂಥ ಸಂಸ್ಥೆ ಹಳೆಯದನ್ನು ಕಾಪಾಡುವುದಷ್ಟೇ ಅಲ್ಲ, ಹೊಸದಕ್ಕೆ ದಾರಿ ಮಾಡಿಕೊಟ್ಟುದೂ ಉಂಟು. ಭಾರತೀಯ ವಸ್ತ್ರಾಲಂಕಾರ ಕಲೆಗಳ ಪ್ರದರ್ಶನಕ್ಕಾಗಿ ಅದೇ ಸಂಗ್ರಹಾಲಯದಿಂದ ಕಲ್ಕತ್ತೆಗೆ ಬಂದಿದ್ದ ಮನ್ರೋ ವೀಲರ್, ಅರ್ಧದಲ್ಲಿದ್ದ ‘ಪಥೇರ್ ಪಾಂಚಾಲಿ’ಯ ಕೆಲವು ಸ್ಥಿರಚಿತ್ರಗಳನ್ನು ನೋಡಿ ಅದನ್ನು ಆ ಪ್ರದರ್ಶನದ ವೇಳೆಗೆ ತಮ್ಮಲ್ಲಿಗೆ ಕಳುಹಿಸಬೇಕೆಂದು ಕೇಳಿದರು. ಆ ಗಡುವಿಗಾಗಿ ಸತ್ಯಜಿತ್ ರಾಯ್ ಮತ್ತು ಸಂಗಡಿಗರು ಹಗಲಿರುಳು ದುಡಿದು ಸಿದ್ಧಪಡಿಸಿದ, ಉಪಶೀರ್ಷಿಕೆಗಳೂ ಇಲ್ಲದ ಪ್ರತಿ 1955ರ ಮೇ ತಿಂಗಳಲ್ಲಿ ಅಲ್ಲಿ ಮೊದಲು ಪ್ರದರ್ಶಿತವಾಯಿತು. ಕಲ್ಕತ್ತೆಯ ಪ್ರೇಕ್ಷಕರು ಅದನ್ನು ಕಂಡುದು ಆಗಸ್ಟಿನಲ್ಲಿ.

ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾಶಾಲೆಯಿದೆ, ಅದಕ್ಕೊಂದು ಸಭಾಂಗಣವೂ ಇದೆ. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಬೆಳಗಿದ ಮೇಲೆ, ಅಂಥ ಆವರಣದಲ್ಲಿ ಕನ್ನಡ ಚಿತ್ರಗಳದೊಂದು ಪುನರವಲೋಕನ ನಡೆಯಬೇಕೆಂಬುದು ನಮ್ಮ ಆಸೆ. ನಿರ್ದೇಶಕರ ಹೆಸರಿನಲ್ಲಿ ಅಲ್ಲ. ಅದು ಎಲ್ಲರೂ ಮಾಡುವಂಥದು. ಚಿತ್ರಶಾಲೆಗೆ ಒಪ್ಪುವುದು ಛಾಯಾಗ್ರಾಹಕರ ಸರಣಿ: ಆಸ್ಟ್ರೇಲಿಯದ ಟಾಮ್ ಕೋವನ್ ಸೆರೆಹಿಡಿದ ‘ಸಂಸ್ಕಾರ’ದಿಂದ ತೊಡಗಿ, ಎಸ್. ರಾಮಚಂದ್ರ ಅವರ ‘ಋಷ್ಯಶೃಂಗ’, ‘ಚೋಮನ ದುಡಿ’ಗಳನ್ನು ತೋರಿಸಿ, ಆಮೇಲೆ ಅವರದೇ ಕಪ್ಪುಬಿಳುಪಿನ ‘ಘಟಶ್ರಾದ್ಧ’ಕ್ಕೆ ಬರಬಹುದು.