ಗುಜರಿಯ ಬೆಲೆ, ವಸ್ತುವಿನ ಮೌಲ್ಯ

ಅಪರೂಪದ ಹಳೆಯ ವಸ್ತುವೊಂದು ಅಗ್ಗಕ್ಕೆ ಕೈಸೇರಿದಾಗ ಆಗುವ ಸಂತೋಷ ಸಹಜವಾದದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಗುಜರಿ ಅಂಗಡಿಗಳಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಸಮೆ, 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿ ಬಂದ ಮೇಲೆ ಮೂಲೆ ಸೇರಿದ ಸೇರು-ಪಾವುಗಳು ಹುಡುಕುವ ಕಣ್ಣಿಗೆ ಸಿಕ್ಕಾವು. ಆದರೆ ಅಲ್ಲಿ ಬೆಲೆ ಕಟ್ಟುವುದು ತಕ್ಕಡಿ. ಲೋಹಕ್ಕೆ ದರವುಂಟು, ಕುಸುರಿಗಿಲ್ಲ. ಕೊಳ್ಳುವವರು ಬಾರದಿದ್ದರೆ ಎಲ್ಲವೂ ಕುಲುಮೆಗೆ.

ಮರದ ವಸ್ತುವಿಗೆ ಆ ತೂಕದ ಬೆಲೆಯೂ ಇಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಹಗುರ ಮರ, ಸೆಣಬಿನ ಚಿಂದಿ, ಹುಣಸೆಬೀಜದ ಅಂಟು ಬಳಸಿ ಚಿತ್ರಗಾರ ಕುಟುಂಬಗಳು ಮಾಡುವ ಹೊಸ ಗೊಂಬೆಗೆ ಮಳಿಗೆಯಲ್ಲಿ ಗೌರವ. ಅಟ್ಟದ ಮೇಲಿನ ಬಣ್ಣ ಮಾಸಿದ ಗೊಂಬೆ ಒಲೆಯ ಪಾಲಾದರೂ ಕೇಳುವವರಿಲ್ಲ.

ಮಾರುವವನು ಬಲ್ಲದ್ದನ್ನು ಕೊಳ್ಳುವವನು ಅರಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಇಲ್ಲಿ ಸ್ಥಿತಿ ತಿರುವುಮುರುವು: ಬಲ್ಲವನು ಕೊಳ್ಳುವವನು, ಅರಿಯದವನು ಮಾರುವವನು. ನಮ್ಮ ಸಂತೋಷದಲ್ಲಿ ಯಾವುದೋ ಬಡ ಮನೆಯ ನಷ್ಟವೂ ಸೇರಿರುತ್ತದೆ.

ಹಾಗೆಂದು ಕೊಳ್ಳುವುದನ್ನು ಬಿಡಬೇಕಿಲ್ಲ. ಕೊಂಡದ್ದಷ್ಟೇ ಕುಲುಮೆಯಿಂದ ಉಳಿಯುತ್ತದೆ. ಮನೆಯವರಿಂದಲೇ ಕೊಳ್ಳುವಾಗ ನ್ಯಾಯವಾದ ಬೆಲೆ ಕೊಡೋಣ. ವಸ್ತು ಯಾವ ಊರಿನದು, ಯಾರು ಬಳಸಿದ್ದೆಂದು ಬರೆದಿಡೋಣ. ನೂರು ವರ್ಷ ಮೀರಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆಂಬ ಎಚ್ಚರವೂ ಇರಲಿ. ತಾಲ್ಲೂಕು ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ಹಳೆಯ ವಸ್ತುಗಳ ಮೇಳ ನಡೆಸಿ, ಮೌಲ್ಯ ತಿಳಿಸಬಲ್ಲ ತಜ್ಞರನ್ನು ಕೂರಿಸುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಮಾರುವವರೂ ಆಗ ತಿಳಿದೇ ಮಾರುತ್ತಾರೆ.