ಖಾಕಿಯ ವೇತನ ಮತ್ತು ನಮ್ಮ ತೆರಿಗೆಯ ಲೆಕ್ಕ

'ನಮ್ಮ ತೆರಿಗೆಯ ಹಣದಲ್ಲಿ ಇವರಿಗೆ ಇನ್ನೆಷ್ಟು ಸಂಬಳ?' ಪೊಲೀಸರ ವೇತನ ಪರಿಷ್ಕರಣೆಯ ಸುದ್ದಿ ಬಂದಾಗಲೆಲ್ಲ ಮುಂಬಯಿಯ ನಮ್ಮ ವಸತಿ ಸಂಕೀರ್ಣಗಳಲ್ಲಿ ಈ ಮಾತು ಕೇಳಿಬರುತ್ತದೆ. ರಾತ್ರಿ ಗಸ್ತಿಗೆ ಯಾರೂ ಬರಲಿಲ್ಲವೆಂದು ಮರುದಿನ ದೂರುವವರೂ ನಾವೇ. ತೆರಿಗೆದಾರನಿಗೆ ಪ್ರಶ್ನಿಸುವ ಹಕ್ಕಿದೆ, ನಿಜ. ಆದರೆ ಆ ಪ್ರಶ್ನೆ ಯಾರ ಮುಂದೆ ನಿಲ್ಲಬೇಕು ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಇಂಗ್ಲೆಂಡಿನಲ್ಲಿ ಮನೆಗೆ ಬರುವ ಸ್ಥಳೀಯ ತೆರಿಗೆಯ ಬಿಲ್ಲಿನಲ್ಲೇ ಪೊಲೀಸರ ಪಾಲು ಪ್ರತ್ಯೇಕವಾಗಿ ನಮೂದಾಗಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯಪಟ್ಟಿಗೆ ಸೇರಿದ ವಿಷಯ. ಮಹಾನಗರಪಾಲಿಕೆಗೆ ನಾವು ಕಟ್ಟುವ ಆಸ್ತಿ ತೆರಿಗೆಯಿಂದಲ್ಲ, ರಾಜ್ಯದ ಬೊಕ್ಕಸದಿಂದ ಪೇದೆಯ ಸಂಬಳ ಹೋಗುತ್ತದೆ. ದೆಹಲಿಯ ಪೊಲೀಸರಂತೂ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿದ್ದಾರೆ. ಹೀಗಾಗಿ ನಗರವಾಸಿಯ ಕಣ್ಣಿಗೆ ಲೆಕ್ಕ ಬೀಳುವುದಿಲ್ಲ. ಸಿಟ್ಟೆಲ್ಲ ಕಣ್ಣಿಗೆ ಬೀಳುವ ಪೇದೆಯ ಮೇಲೆ ಹರಿಯುತ್ತದೆ.

ಆ ಪೇದೆಗಾದರೋ ಎದುರು ಮಾತಾಡುವ ವೇದಿಕೆಯೇ ಇಲ್ಲ. 1966ರ ಕಾನೂನಿನಂತೆ ಪೊಲೀಸರು ಅನುಮತಿಯಿಲ್ಲದೆ ಕಾರ್ಮಿಕ ಸಂಘಕ್ಕೆ ಸೇರುವಂತಿಲ್ಲ. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಮುಂದಾದಾಗ ನಾಡು ಬೆಚ್ಚಿತು. ಬಳಿಕ ಔರಾದ್ಕರ್ ಸಮಿತಿ ವೇತನ ಏರಿಕೆಗೆ ಶಿಫಾರಸು ಮಾಡಿತು. ಸರ್ಕಾರದ ಆದೇಶ ಹೊರಡಲು 2019 ಬರಬೇಕಾಯಿತು. ಅದೇ 2016ರಲ್ಲಿ ಮುಂಬಯಿಯ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಗಳ ಪಾಳಿಯನ್ನು ಪ್ರಯೋಗವಾಗಿ ಆರಂಭಿಸಿದರು. ಕಾರ್ಖಾನೆಯ ಕಾರ್ಮಿಕನಿಗೆ ಎಂದೋ ದೊರೆತ ಎಂಟು ಗಂಟೆಗಳ ದುಡಿಮೆ ಪೊಲೀಸನಿಗೆ ಅಲ್ಲಿಯವರೆಗೂ ಪ್ರಯೋಗದ ವಸ್ತುವಾಗಿತ್ತು ಎಂಬುದೇ ಅವರ ಬಾಳಿನ ಸ್ಥಿತಿಯನ್ನು ಹೇಳುತ್ತದೆ.

ಹಾಗಾದರೆ ತೆರಿಗೆದಾರನ ಮೇಲೆ ಅನ್ಯಾಯದ ಹೊರೆಯೇ ಇಲ್ಲವೇ? ಇದೆ. ಅದು ಸಂಬಳದ ಪಟ್ಟಿಯಲ್ಲಿಲ್ಲ, ಮನ್ನಾಗಳ ಪಟ್ಟಿಯಲ್ಲಿದೆ. ಮುಂಬಯಿಯ ಕ್ರಿಕೆಟ್ ಪಂದ್ಯಗಳಿಗೆ ಒದಗಿಸುವ ಬಂದೋಬಸ್ತಿನ ಶುಲ್ಕವನ್ನು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಬಹಳವಾಗಿ ಇಳಿಸಿತು. ಅದೂ 2011ರಿಂದಲೇ ಅನ್ವಯವಾಗುವಂತೆ. ಕೋಟಿಗಳ ವಹಿವಾಟಿನ ಐಪಿಎಲ್‌ನಂಥ ಪಂದ್ಯಗಳಿಗೂ ಈ ಔದಾರ್ಯ ದೊರೆಯಿತು. ಪ್ರಕರಣ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿ, 2024ರಲ್ಲಿ ನ್ಯಾಯಾಲಯವೇ ಸರ್ಕಾರವನ್ನು ಪ್ರಶ್ನಿಸಿತು. ಪೇದೆಗೆ ಕೊಡುವ ನೂರು ರೂಪಾಯಿಗೆ ಹುಬ್ಬು ಗಂಟಿಕ್ಕುವ ನಾವು ಈ ಮನ್ನಾದ ಬಗ್ಗೆ ಎಷ್ಟು ಮಾತಾಡಿದೆವು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಪೊಲೀಸರಿಗೆ ಗೌರವದ ವೇತನ ಮತ್ತು ನಿಗದಿತ ಪಾಳಿ ಸಿಗಲಿ. ಲಾಭಕ್ಕಾಗಿ ನಡೆಯುವ ಕಾರ್ಯಕ್ರಮಗಳಿಂದ ಬಂದೋಬಸ್ತಿನ ಪೂರ್ಣ ವೆಚ್ಚ ವಸೂಲಾಗಲಿ. ಯಾವ ಠಾಣೆಗೆ ಎಷ್ಟು ವೆಚ್ಚವಾಯಿತು, ಎಷ್ಟು ಹುದ್ದೆಗಳು ಖಾಲಿ ಇವೆ ಎಂಬ ಲೆಕ್ಕವನ್ನು ಪ್ರತಿವರ್ಷ ಜನರ ಮುಂದಿಡಲಿ. ಲೆಕ್ಕ ಬಯಲಾದರೆ ತೆರಿಗೆದಾರನ ಸಂಶಯವೂ ಕರಗುತ್ತದೆ, ಪೊಲೀಸನ ಮೇಲಿನ ಅಪವಾದವೂ ಕಳೆಯುತ್ತದೆ.

ಈ ಮಾತು ನಮ್ಮ ಮನೆಯಂಗಳಕ್ಕೂ ಅನ್ವಯಿಸುತ್ತದೆ. ನಮ್ಮ ಮೆರವಣಿಗೆಗಳಿಗೆ ಎಷ್ಟು ಪೊಲೀಸರು ಬಂದರೆಂಬುದನ್ನು ಪ್ರತಿಷ್ಠೆಯೆಂದು ಎಣಿಸುವವರು ನಮ್ಮಲ್ಲೂ ಇದ್ದಾರೆ. ಬೆಲೆ ತೆರದೆ ಇನ್ನೊಬ್ಬರ ದುಡಿಮೆಯನ್ನು ಪಡೆಯುವುದು ಅಚೌರ್ಯವ್ರತವನ್ನು ಒಪ್ಪಿಕೊಂಡವರಿಗೆ ಸಲ್ಲದು. ಜನಸಂದಣಿಯನ್ನು ನಿಭಾಯಿಸಲು ನಮ್ಮ ತರುಣರೇ ಸ್ವಯಂಸೇವಕರಾಗಿ ನಿಲ್ಲಲಿ. ಆ ದಿನ ಬಿಡುವು ಪಡೆದ ಒಬ್ಬ ಪೇದೆ ತನ್ನ ಮಕ್ಕಳೊಡನೆ ಹಬ್ಬದೂಟ ಮಾಡಿದರೆ, ನಮ್ಮ ಉತ್ಸವ ಅಷ್ಟರಮಟ್ಟಿಗೆ ಸಾರ್ಥಕ.